ಸಂಬಳ ಆಮೇಲೆ ನೋಡಿ, ಸಾಲ ಎಂಥದ್ದು ಅಂತ ಮೊದಲು ನೋಡಿ

"ಎನ್ವಿರಾನ್‌ಮೆಂಟಲ್ ಇಂಜಿನಿಯರಿಂಗಲ್ಲಿ ಎಂ.ಎಸ್. ಮಾಡೋಕೆ ಅಮೆರಿಕಾಕ್ಕೆ ಬಂದ್ರೆ ಸಾಲ ತೀರುತ್ತಾ?" ಊರಿಂದ ಬರೋ ಮೇಲ್‌ಗಳಲ್ಲಿ ಈ ಪ್ರಶ್ನೆ ಆಗಾಗ ಇರುತ್ತೆ. ಬನ್ನಿ, ಒಂದಿಷ್ಟು ಲೆಕ್ಕ ಹಾಕೋಣ.

ಸಂಬಳವೇನೂ ಕಮ್ಮಿಯಿಲ್ಲ. ಇಲ್ಲಿನ ಕಾರ್ಮಿಕ ಇಲಾಖೆಯ ಅಂಕಿಅಂಶದ ಪ್ರಕಾರ ಮೇ 2023ರಲ್ಲಿ ಪರಿಸರ ಇಂಜಿನಿಯರುಗಳ ಮಧ್ಯಮ ವಾರ್ಷಿಕ ಸಂಬಳ 1,00,090 ಡಾಲರ್. ಅಂದ್ರೆ ಅರ್ಧ ಜನಕ್ಕೆ ಇದಕ್ಕಿಂತ ಜಾಸ್ತಿ, ಇನ್ನರ್ಧ ಜನಕ್ಕೆ ಕಮ್ಮಿ. ಆದರೆ ಇದರಲ್ಲಿ ಇಪ್ಪತ್ತೈದು ವರ್ಷ ಸರ್ವೀಸ್ ಆದವರೂ ಸೇರಿದ್ದಾರೆ ನೋಡಿ! ಹೊಸಬರು ಕೆಳಗಿನ ಅರ್ಧದಲ್ಲೇ ಶುರುಮಾಡೋದು. ಎಫ್.ಇ. ಪರೀಕ್ಷೆ ಪಾಸಾಗಿ, ಸಾಮಾನ್ಯವಾಗಿ ನಾಲ್ಕು ವರ್ಷ ದುಡಿದು, ಪಿ.ಇ. ಲೈಸೆನ್ಸ್ ತಗೊಂಡು, ನಕ್ಷೆಗೆ ತಾವೇ ಸಹಿ ಹಾಕೋ ಹಂತಕ್ಕೆ ಬಂದ ಮೇಲೇ ಬೆಲೆ ಏರೋದು. ಬ್ಯಾಂಕಿನ ಕಂತು ಅಷ್ಟು ದಿನ ಕಾಯಲ್ಲ.

ಇಲ್ಲೇ ಹುಟ್ಟಿದ ಹುಡುಗನ ಕತೆ ಬೇರೆ. ಅಪ್ಪ ಅಮ್ಮನ ಆಸರೆಯಲ್ಲಿ ಬಿ.ಎಸ್. ಓದೋನಿಗೆ ಕೇಂದ್ರ ಸರ್ಕಾರ ಕೊಡೋ ಸಾಲದ ಮಿತಿ ಒಟ್ಟು 31,000 ಡಾಲರ್. 30,000 ಅಂತಿಟ್ಟುಕೊಂಡರೆ, ಶೇಕಡ 6.5ರ ಬಡ್ಡಿಗೆ ಹತ್ತು ವರ್ಷ, ತಿಂಗಳಿಗೆ ಸುಮಾರು 340 ಡಾಲರ್. ಅವನೇನಾದರೂ ಊರಿನ ನೀರು ಸರಬರಾಜು ಇಲಾಖೆ ಸೇರಿದ್ರೆ ಇನ್ನೂ ಒಂದು ಅನುಕೂಲವಿದೆ. 2007ರ ಕಾನೂನಿನಂತೆ, ಸರ್ಕಾರಿ ಕೆಲಸದಲ್ಲಿದ್ದು ಆದಾಯಕ್ಕೆ ತಕ್ಕ ಹಾಗೆ 120 ಕಂತು ಕಟ್ಟಿದ ಮೇಲೆ ಉಳಿದ ಸಾಲ ಮನ್ನಾ! ಕುಡಿಯೋ ನೀರು, ಒಳಚರಂಡಿ, ಕಸ, ಎಲ್ಲದರಲ್ಲೂ ಸರ್ಕಾರ ಇರೋ ಈ ಓದಿನವರಿಗೆ ಹೇಳಿ ಮಾಡಿಸಿದ ಹಾಗಿದೆ.

ನಮ್ಮ ಹುಡುಗರಿಗೆ? ವಿದ್ಯಾರ್ಥಿ ವೀಸಾದವರಿಗೆ ಆ ಸಾಲವೂ ಇಲ್ಲ, ಆ ಮನ್ನಾವೂ ಇಲ್ಲ. ಊರಿನ ಬ್ಯಾಂಕಲ್ಲಿ 40 ಲಕ್ಷ ತಗೊಂಡರು ಅನ್ನಿ. ಶೇಕಡ 11ರ ಬಡ್ಡಿಗೆ ಹತ್ತು ವರ್ಷ ಅಂದ್ರೆ ತಿಂಗಳ ಕಂತು ಸುಮಾರು 55,100 ರೂಪಾಯಿ. ಕೊನೆಗೆ ಕಟ್ಟಿದ್ದು 66 ಲಕ್ಷ. ಓದುವಾಗ ಬೆಳೆಯೋ ಬಡ್ಡಿ ಬೇರೆ.

ಡಾಲರಲ್ಲಿ ದುಡಿಯುವಾಗ ಇದು ದೊಡ್ಡದಲ್ಲ, ನಿಜ. ಆದರೆ ಓದಿದ ಮೇಲೆ ಕೈಯಲ್ಲಿರೋ ಖಾತ್ರಿ ಕಾಲ ಓ.ಪಿ.ಟಿ.ಯ ಮೂರೇ ವರ್ಷ: ಮೊದಲು ಒಂದು, ಅದರ ಮೇಲೆ ಎರಡು. ಅದೂ ಕೆಲಸ ಸಿಕ್ಕಿದ್ರೆ. ಆಮೇಲೆ ಎಚ್-1ಬಿ ಲಾಟರಿ. ಕೇಂದ್ರ ಸರ್ಕಾರದ ಕೆಲಸಗಳು ಹೆಚ್ಚೂಕಮ್ಮಿ ಇಲ್ಲಿನ ನಾಗರಿಕರಿಗೇ. ಹಾಗಾಗಿ ನಮ್ಮವರು ಹೆಚ್ಚಾಗಿ ಖಾಸಗಿ ಕನ್ಸಲ್ಟಿಂಗ್ ಕಂಪನಿಗಳ ಬಾಗಿಲನ್ನೇ ತಟ್ಟಬೇಕು. ಲಾಟರಿ ಕೈಕೊಟ್ಟು ಬೆಂಗಳೂರಿಗೆ ವಾಪಸಾದರೆ, ಸಂಬಳ ರೂಪಾಯಿಗೆ ಇಳಿಯುತ್ತೆ. ಕಂತು ಒಂದು ಪೈಸೆನೂ ಇಳಿಯಲ್ಲ.

ಹಾಗಂತ ಬರಲೇಬೇಡಿ ಅಂತಲ್ಲ. ಅರ್ಜಿ ಹಾಕೋ ಮುಂಚೆಯೇ ಪ್ರೊಫೆಸರುಗಳಿಗೆ ಬರೆದು ಕೇಳಿ. ರಿಸರ್ಚ್ ಅಸಿಸ್ಟೆಂಟ್ ಆದರೆ ಎಷ್ಟೋ ಕಡೆ ಫೀಸು ಮಾಫಿಯಾಗಿ ಕೈಗೂ ಒಂದಿಷ್ಟು ಬರುತ್ತೆ. ಅದಿಲ್ಲದಿದ್ದರೆ, ಮೂರು ವರ್ಷದ ದುಡಿಮೆಯಲ್ಲಿ ತೀರಿಸಬಹುದಾದಷ್ಟೇ ಸಾಲ ಮಾಡಿ. ಬ್ಯಾಂಕಿಗೆ ಅಡ ಇಡೋದು ಅಪ್ಪನ ಮನೆ ಪತ್ರ ಅಲ್ವಾ? ಈ ಲೆಕ್ಕ ಅವರ ಮುಂದೆ ಕೂತೇ ಹಾಕಿ. ಏನಂತೀರಿ?