ಕರಿ ಹೊಗೆ ಬಂದರೆ ಗಾಡಿಗೆ ಬಲವೇ?

ಮದಲೂರು ಸುತ್ತಮುತ್ತ ಕಡಲೆಕಾಯಿ ಬಿಡಿಸುವ ದಿನಗಳಲ್ಲಿ ಯಾವ ಕಣಕ್ಕೆ ಹೋದರೂ ಒಂದೇ ನೋಟ. ಟ್ರ್ಯಾಕ್ಟರ್ ಹಿಂದೆ ಮೆಷಿನ್ ಕಟ್ಟಿರುತ್ತಾರೆ. ಒಂದು ಹೊರೆ ಗಿಡ ಒಳಗೆ ತುರುಕಿದೊಡನೆ ಇಂಜಿನ್ ಗಕ್ಕನೆ ತಗ್ಗಿ, ಮತ್ತೆ ಗುಡುಗಿ, ಸೈಲೆನ್ಸರ್‌ನಿಂದ ಬೊಗ್ಗನೆ ಕರಿ ಹೊಗೆ ಏಳುತ್ತದೆ. ಕಾಯಿ ತೂರಲು ಮೊರ ಹಿಡಿದು ನಿಂತ ಹೆಣ್ಣುಮಕ್ಕಳು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ. ಹೋದ ಸಲ ಅಂಥದ್ದೊಂದು ಕಣದಲ್ಲಿ ನಿಂತು ಡ್ರೈವರ್‌ನನ್ನು ಕೇಳಿದೆ. "ಹಂಗೆ ಹೊಗೆ ಬಂದ್ರೇನೇ ಗಾಡೀಲಿ ದಮ್ಮೈತೆ ಅಂತ ಕಣಣ್ಣ. ಈಗಿನ ಹೊಸ ಗಾಡಿಗಳು ಬರೀ ಕಂಪ್ಯೂಟ್ರು" ಎಂದ.

ಹೀಗೆ ನಂಬಿದವನು ಅವನೊಬ್ಬನೇ ಅಲ್ಲ. ಶಿರಾ, ಮಧುಗಿರಿ, ಪಾವಗಡದ ಗ್ಯಾರೇಜುಗಳಲ್ಲಿ ಈ ಮಾತು ದಿನವೂ ಕಿವಿಗೆ ಬೀಳುತ್ತದೆ. ಆದರೆ ಸೌದೆ ಒಲೆ ಹಚ್ಚಿ ಬೆಳೆದ ನಮಗೆ ಇದರ ನಿಜ ಗೊತ್ತಿರಬೇಕಿತ್ತು. ಒಲೆ ಹೊಗೆಯಾಡಿದರೆ ಅಮ್ಮ ಅದನ್ನು ಬಲವಾದ ಉರಿ ಅನ್ನುತ್ತಿರಲಿಲ್ಲ. ಗಾಳಿ ಸಾಲದು ಎಂದು ಊದುಕೊಳವೆ ಎತ್ತಿಕೊಳ್ಳುತ್ತಿದ್ದಳು. ಇಂಜಿನ್‌ನೊಳಗೂ ಅಷ್ಟೇ. ಹೊರೆ ಬಿದ್ದಾಗ ಪಂಪು ಹೆಚ್ಚು ಡೀಸೆಲ್ ಕಳಿಸುತ್ತದೆ. ಅದನ್ನು ಸುಡುವಷ್ಟು ಗಾಳಿ ಆ ಕ್ಷಣಕ್ಕೆ ಇರುವುದಿಲ್ಲ. ಸುಡದೆ ಉಳಿದ ಇಂಗಾಲ ಮಸಿಯಾಗಿ ಹೊರಬೀಳುತ್ತದೆ. ಆ ಕರಿ ಹೊಗೆ ಎಂದರೆ ನೀವು ಬಂಕ್‌ನಲ್ಲಿ ದುಡ್ಡು ಕೊಟ್ಟು ಹಾಕಿಸಿ, ಕೆಲಸಕ್ಕೆ ಬಾರದೆ ಹೋದ ಡೀಸೆಲ್.

ಮಸಿ ಎಷ್ಟು ಎಂಬುದಕ್ಕೆ ಲೆಕ್ಕವಿದೆ. ಟ್ರ್ಯಾಕ್ಟರ್ ಹೊಗೆಗೆ ಮಿತಿ ಹಾಕುವ ಸರ್ಕಾರಿ ನಿಯಮಕ್ಕೆ ಟ್ರೆಮ್ ಎನ್ನುತ್ತಾರೆ. ಹಳೆಯ ಟ್ರೆಮ್ 3ಎ ನಿಯಮದಲ್ಲಿ 37 ಕಿಲೋವ್ಯಾಟ್, ಅಂದರೆ ಸುಮಾರು 50 ಎಚ್‌ಪಿ ಇಂಜಿನ್ ಪ್ರತಿ ಕಿಲೋವ್ಯಾಟ್-ಗಂಟೆಗೆ 0.4 ಗ್ರಾಂ ಕಣಗಳನ್ನು ಉಗುಳಬಹುದಿತ್ತು. ಪೂರ್ತಿ ಹೊರೆಯಲ್ಲಿ ಗಂಟೆಗೆ ಹತ್ತಿರಹತ್ತಿರ 15 ಗ್ರಾಂ. ಟ್ರೆಮ್ 4ರಲ್ಲಿ ಆ ಮಿತಿ 0.025ಕ್ಕೆ ಇಳಿಯಿತು. ಅದೇ ಇಂಜಿನ್ ಈಗ ಗಂಟೆಗೆ 1 ಗ್ರಾಂ ಕೂಡ ದಾಟುವಂತಿಲ್ಲ. ಬಲ ಮಾತ್ರ ಅಷ್ಟೇ ಇದೆ. ಹಳೆಯ ಪಂಪು ಮಾಡುತ್ತಿದ್ದ ಕೆಲಸವನ್ನು ಈಗ ಕಾಮನ್ ರೈಲ್ ಮಾಡುತ್ತದೆ. ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಡೀಸೆಲನ್ನು ಮಂಜಿನಷ್ಟು ನಯವಾಗಿ, ಒಂದೇ ಸುತ್ತಿನಲ್ಲಿ ಹಲವು ಕಂತುಗಳಾಗಿ ಸಿಂಪಡಿಸುತ್ತದೆ. ಯಾವ ಕ್ಷಣ, ಎಷ್ಟು ಹನಿ ಎಂಬುದನ್ನು ಆ ಡ್ರೈವರ್ ಹೇಳಿದ ಕಂಪ್ಯೂಟ್ರೇ ತೀರ್ಮಾನಿಸುತ್ತದೆ.

ಈ ನಿಯಮ ಯಾರಿಗೆ ಅನ್ವಯ ಎಂಬುದರಲ್ಲೂ ಗೊಂದಲವಿದೆ. "ಹಳೇ ಟ್ರ್ಯಾಕ್ಟರ್‌ಗಳನ್ನ ಸರ್ಕಾರ ಕಿತ್ಕೊಳ್ಳುತ್ತಂತೆ" ಎಂದು ಹೆದರಿದವರನ್ನು ಕಂಡಿದ್ದೇನೆ. ಟ್ರೆಮ್ ನಿಯಮಗಳಿರುವುದು ಹೊಸದಾಗಿ ತಯಾರಾಗುವ ಇಂಜಿನ್‌ಗಳಿಗೆ. ಹೊಲದಲ್ಲಿ ದುಡಿಯುತ್ತಿರುವ ಗಾಡಿಯನ್ನು ಅವು ಮುಟ್ಟುವುದಿಲ್ಲ. 2023ರ ಜನವರಿ 1ರಿಂದ ಜಾರಿಯಾದ ಟ್ರೆಮ್ 4 ಕೂಡ 50 ಎಚ್‌ಪಿಗಿಂತ ದೊಡ್ಡ ಟ್ರ್ಯಾಕ್ಟರ್‌ಗಳಿಗೆ ಮಾತ್ರ. ನಮ್ಮ ಕಡೆಯ ಹೊಲಗಳಲ್ಲಿ ಓಡಾಡುವ ಹೆಚ್ಚಿನ ಟ್ರ್ಯಾಕ್ಟರ್‌ಗಳು ಅದಕ್ಕಿಂತ ಚಿಕ್ಕವು. ಕೆರೆ ಹೂಳೆತ್ತುವ ಜೆಸಿಬಿ, ನಾವೆಲ್ಲ ಯಾವ ಕಂಪನಿಯದಾದರೂ 'ಹಿಟಾಚಿ' ಎಂದೇ ಕರೆಯುವ ದೊಡ್ಡ ಯಂತ್ರ, ಇವುಗಳ ದಾರಿ ಬೇರೆ. ಅವಕ್ಕೆ ನಿರ್ಮಾಣ ಯಂತ್ರಗಳ ಸಿಇವಿ ನಿಯಮ. 2021ರ ಏಪ್ರಿಲ್‌ನಲ್ಲಿ ನಾಲ್ಕನೇ ಹಂತ ಬಂತು, 2025ರ ಜನವರಿಯಲ್ಲಿ ಐದನೇ ಹಂತ. ಡೀಸೆಲ್ ಜನರೇಟರ್‌ಗಳಿಗೆ 2023ರ ಜುಲೈನಿಂದ ಇನ್ನೊಂದು ನಿಯಮ.

ಐದನೇ ಹಂತದಲ್ಲಿ ಕಣಗಳನ್ನು ತೂಗುವುದಷ್ಟೇ ಅಲ್ಲ, ಎಣಿಸುತ್ತಾರೆ ಕೂಡ. ಕಾರಣ, ಅತಿ ಸಣ್ಣ ಕಣಗಳ ತೂಕ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಆದರೆ ಶ್ವಾಸಕೋಶದ ತಳದವರೆಗೆ ಇಳಿಯುವವು ಅವೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ.

ಹಾಗಾದರೆ ಹೊಗೆ ಕಣ್ಣಿಗೆ ಕಾಣದಿದ್ದರೆ ಗಾಳಿ ಚೊಕ್ಕಟವೇ? ಅದೂ ಇಲ್ಲ. ಉರಿ ಚೆನ್ನಾಗಿ ಬಿಸಿಯಾದಾಗ ಗಾಳಿಯಲ್ಲಿರುವ ಸಾರಜನಕವೇ ಸುಟ್ಟು ನೈಟ್ರೋಜನ್ ಆಕ್ಸೈಡ್‌ಗಳಾಗುತ್ತದೆ. ಇಂಜಿನ್ ತಯಾರಕರ ದೊಡ್ಡ ತಲೆನೋವು ಇದೇ. ಉರಿ ಹೆಚ್ಚಿಸಿದರೆ ಮಸಿ ಇಳಿದು ಆಕ್ಸೈಡ್ ಏರುತ್ತದೆ, ಉರಿ ತಗ್ಗಿಸಿದರೆ ಆಕ್ಸೈಡ್ ಇಳಿದು ಮಸಿ ಏರುತ್ತದೆ. ಅದಕ್ಕೆ ಎರಡು ಉಪಾಯಗಳಿವೆ. ಒಂದು, ಹೊಗೆಯ ಒಂದಿಷ್ಟು ಪಾಲನ್ನು ತಣಿಸಿ ಮತ್ತೆ ಇಂಜಿನ್‌ಗೇ ಊಡಿಸಿ ಉರಿಯ ಕಾವು ಇಳಿಸುವುದು. ಇದು ಇಜಿಆರ್. ಇನ್ನೊಂದು, ಹೊರಬಂದ ಆಕ್ಸೈಡ್‌ಗಳನ್ನು ಸೈಲೆನ್ಸರ್‌ನಲ್ಲೇ ಮುರಿಯುವುದು. ಯೂರಿಯಾ ದ್ರಾವಣ ಬೇಕಾಗುವುದು ಇಲ್ಲಿ. ಬಿಸಿ ಹೊಗೆಗೆ ಅದನ್ನು ಚಿಮುಕಿಸಿದರೆ ಅಮೋನಿಯಾ ಹುಟ್ಟುತ್ತದೆ. ಅಮೋನಿಯಾ ಕ್ಯಾಟಲಿಸ್ಟ್ ಮೇಲೆ ಆಕ್ಸೈಡ್ ಜೊತೆ ಸೇರಿ ಬರೀ ಸಾರಜನಕ ಮತ್ತು ನೀರಾವಿಯಾಗುತ್ತದೆ.

ಇಷ್ಟು ಕೇಳಿದವರು "ಹೊಸ ಗಾಡಿ ತಗೊಂಡ್ರೆ ಯೂರಿಯಾ ನೀರು ಹಾಕ್ಲೇಬೇಕು" ಎಂದುಕೊಂಡುಬಿಡುತ್ತಾರೆ. ಅದಕ್ಕೂ ಒಂದು ಗೆರೆ ಇದೆ. 56 ಕಿಲೋವ್ಯಾಟ್, ಸುಮಾರು 75 ಎಚ್‌ಪಿ. ಅದರ ಕೆಳಗಿನ ಇಂಜಿನ್‌ಗೆ ಆಕ್ಸೈಡ್ ಮಿತಿ ಸಡಿಲ. ಪ್ರತಿ ಕಿಲೋವ್ಯಾಟ್-ಗಂಟೆಗೆ ಹೈಡ್ರೋಕಾರ್ಬನ್ ಮತ್ತು ಆಕ್ಸೈಡ್ ಸೇರಿ 4.7 ಗ್ರಾಂ. ಅದರ ಮೇಲೆ ಆಕ್ಸೈಡ್ 0.4 ಗ್ರಾಂ ದಾಟುವಂತಿಲ್ಲ. ಆದ್ದರಿಂದ ಗೆರೆಯ ಕೆಳಗಿನ ಯಂತ್ರಗಳು ಬಹುಪಾಲು ಯೂರಿಯಾ ಇಲ್ಲದೆಯೇ ನಡೆಯುತ್ತವೆ. ಕೊಳ್ಳುವಾಗ ಎಚ್‌ಪಿ ಕೇಳುವ ನಮ್ಮವರು ಕಿಲೋವ್ಯಾಟ್ ಎಷ್ಟು ಎಂದೂ ಕೇಳಬೇಕು.

ಈಗ ನನಗೆ ಅತಿ ಹೆಚ್ಚು ಭಯ ತರುವ ಮಾತಿಗೆ ಬರುತ್ತೇನೆ. "ಯೂರಿಯಾ ತಾನೆ? ಮನೇಲಿ ಚೀಲ ಬಿದ್ದಿದೆ, ಬಕೆಟ್‌ನಲ್ಲಿ ಕದಡಿ ಹಾಕಿದ್ರಾಯ್ತು." ರೈತರ ಮನೆಯಲ್ಲಿ ಇದು ಸಹಜವಾಗಿ ಹುಟ್ಟುವ ಯೋಚನೆ. ಯಂತ್ರಕ್ಕೆ ಮಾತ್ರ ಇದು ವಿಷ. ಡಬ್ಬದಲ್ಲಿ ಬರುವ ಯೂರಿಯಾ ದ್ರಾವಣ, ಅಂದರೆ ಡಿಇಎಫ್, ನೂರಕ್ಕೆ 32.5 ಪಾಲು ಶುದ್ಧ ಯೂರಿಯಾ, ಉಳಿದದ್ದು ಖನಿಜವೇ ಇಲ್ಲದ ನೀರು. ನಮ್ಮ 45 ಕೆ.ಜಿ. ಚೀಲದ ಯೂರಿಯಾಗೆ 2015ರಿಂದ ಬೇವಿನ ಎಣ್ಣೆ ಲೇಪನ ಕಡ್ಡಾಯ. ಗೊಬ್ಬರಕ್ಕೆ ಅದು ಒಳ್ಳೆಯದು, ಸಾರಜನಕ ನೆಲದಲ್ಲಿ ನಿಧಾನವಾಗಿ ಬಿಡುಗಡೆಯಾಗುತ್ತದೆ. ಅದೇ ಎಣ್ಣೆ ಯಂತ್ರದ ನಾಜಲ್‌ಗೆ ಹೋದರೆ ಅಂಟಾಗಿ ಕೂರುತ್ತದೆ. ಗೊಬ್ಬರದಲ್ಲಿ ಬೈಯುರೆಟ್ ಎಂಬ ಕಲ್ಮಶವೂ ಹೆಚ್ಚು. ಇನ್ನು ನೀರಿನ ಮಾತು. ಪಾವಗಡ, ಮಧುಗಿರಿ, ಶಿರಾದ ಬೋರ್ ನೀರು ಕುದಿಸಿದ ಪಾತ್ರೆಯ ತಳ ನೋಡಿದ್ದೀರಿ, ಬಿಳಿ ಪಕಳೆಯಂತೆ ಕಟ್ಟಿರುತ್ತದೆ. ಅದೇ ಪಕಳೆ ಕ್ಯಾಟಲಿಸ್ಟ್ ಮೇಲೂ ಕೂರುತ್ತದೆ. ಒಮ್ಮೆ ಕೂತರೆ ತೊಳೆದು ತೆಗೆಯಲು ಆಗುವುದಿಲ್ಲ, ಇಡೀ ಭಾಗವನ್ನೇ ಬದಲಿಸಬೇಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರೂ ಸಾಲದು. ಕುಡಿಯಲು ಯೋಗ್ಯವಾದ ನೀರಿನಲ್ಲೂ ಲವಣ ಇದ್ದೇ ಇರುತ್ತದೆ. ಸಬ್ಸಿಡಿ ಯೂರಿಯಾವನ್ನು ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಬಳಸುವುದು ಕಾನೂನಿನ ಪ್ರಕಾರ ಅಪರಾಧ ಎಂಬುದೂ ನೆನಪಿರಲಿ.

ಇಷ್ಟೇ ಹಾನಿ ಮಾಡುವ ಇನ್ನೊಂದು ಸಲಹೆ ಗ್ಯಾರೇಜಿನಲ್ಲಿ ಸಿಗುತ್ತದೆ: "ಫಿಲ್ಟರ್ ಕಟ್ಕೊಂಡೈತೆ, ಒಳಗಿಂದು ಕಿತ್ತು ಪೈಪ್ ಹಾಕಿಸು." ಡಿಪಿಎಫ್ ಎನ್ನುವ ಈ ಫಿಲ್ಟರ್ ಜೇನುಗೂಡಿನಂತಿದೆ. ಒಂದು ಬಿಟ್ಟು ಒಂದು ಕಿಂಡಿಯ ಬಾಯಿ ಮುಚ್ಚಿರುತ್ತದೆ. ಹೊಗೆ ಗೋಡೆಯ ಮೂಲಕವೇ ಸೋಸಿ ಹೋಗಬೇಕು, ಮಸಿ ಒಳಗೇ ಉಳಿಯುತ್ತದೆ. ಅದು ತುಂಬಿದಾಗ ಯಂತ್ರ ತಾನೇ ಕಾವು ಏರಿಸಿ, 600 ಡಿಗ್ರಿ ಹತ್ತಿರಕ್ಕೆ ಒಯ್ದು ಮಸಿಯನ್ನು ಸುಟ್ಟುಹಾಕುತ್ತದೆ. ಫಿಲ್ಟರ್ ಬೇಗ ಕಟ್ಟಿಕೊಳ್ಳುವುದಕ್ಕೆ ಹೆಚ್ಚಿನ ಸಲ ಕಾರಣ ನಮ್ಮ ಅಭ್ಯಾಸಗಳೇ. ಟಿಪ್ಪರ್ ಬರುವ ತನಕ ಜೆಸಿಬಿಯನ್ನು ಆಫ್ ಮಾಡದೆ ಗಂಟೆಗಟ್ಟಲೆ ಸುಮ್ಮನೆ ಗುರುಗುಟ್ಟಿಸುತ್ತೇವೆ. ಆಗ ಹೊಗೆಗೆ ಕಾವು ಏರುವುದಿಲ್ಲ, ಮಸಿ ಮಾತ್ರ ಸೇರುತ್ತಾ ಹೋಗುತ್ತದೆ. ಬೂದಿ ಕಡಿಮೆ ಬಿಡುವ ಇಂಜಿನ್ ಆಯಿಲ್ ಹಾಕಬೇಕಾದ ಕಡೆ ಅಗ್ಗದ್ದನ್ನು ಹಾಕುತ್ತೇವೆ. ಸ್ಕ್ರೀನಿನಲ್ಲಿ ದೀಪ ಹೊತ್ತಿ ಸುಡಲು ಅನುಮತಿ ಕೇಳಿದರೆ, ಕೆಲಸ ನಿಲ್ಲುತ್ತದೆಂದು ಬಟನ್ ಒತ್ತಿ ಮುಂದೂಡುತ್ತೇವೆ. ಒಂದು ಎಚ್ಚರಿಕೆ: ಹೀಗೆ ಸುಡುವಾಗ ಸೈಲೆನ್ಸರ್ ಕೆಂಡದಂತಾಗುತ್ತದೆ. ಒಣ ಕಡಲೆ ಬಳ್ಳಿಯ ಮೆದೆ ಪಕ್ಕದಲ್ಲಿ ಆ ಯಂತ್ರ ನಿಲ್ಲಿಸಬೇಡಿ.

ಇವೆಲ್ಲ ಸಾಧ್ಯವಾದದ್ದು ಡೀಸೆಲ್ ಬದಲಾದ ಮೇಲೆ. 2020ರ ಏಪ್ರಿಲ್‌ನಿಂದ ದೇಶದ ಬಂಕುಗಳಲ್ಲಿ ಸಿಗುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಪಾಲು. ಬಿಎಸ್-3 ಕಾಲದಲ್ಲಿ ಅದು 350 ಇತ್ತು. ಗಂಧಕ ಕ್ಯಾಟಲಿಸ್ಟನ್ನು ಕೊಲ್ಲುತ್ತದೆ. ಡ್ರಮ್‌ನಲ್ಲಿ ಅಗ್ಗಕ್ಕೆ ಸಿಗುವ, ಮೂಲ ಗೊತ್ತಿಲ್ಲದ ಎಣ್ಣೆಯನ್ನು ಈ ಯಂತ್ರಗಳಿಗೆ ಹಾಕಬಾರದು ಎನ್ನುವುದು ಅದಕ್ಕೇ.

ಹೊಸ ಯಂತ್ರ ದುಬಾರಿ ಎಂಬ ದೂರು ಮಾತ್ರ ತಪ್ಪು ಕಲ್ಪನೆಯಲ್ಲ, ನಿಜ. ಸೆನ್ಸರ್ ಕೈಕೊಟ್ಟರೆ ಊರಿನ ಮೆಕ್ಯಾನಿಕ್ ಬರೀ ಸ್ಪ್ಯಾನರ್ ಹಿಡಿದು ರಿಪೇರಿ ಮಾಡಲಾರ, ಲ್ಯಾಪ್‌ಟಾಪ್ ತರುವವನಿಗಾಗಿ ಕಾಯಬೇಕು. ಬಾಡಿಗೆ ಓಡಿಸಿ ಕಂತು ಕಟ್ಟುವವನಿಗೆ ಆ ಒಂದು ದಿನವೂ ಭಾರ. ತಾಲ್ಲೂಕು ಕೇಂದ್ರಗಳಲ್ಲೇ ನಮ್ಮ ಹುಡುಗರಿಗೆ ಈ ಕೆಲಸ ಕಲಿಸದಿದ್ದರೆ ಫಿಲ್ಟರ್ ಕೀಳುವವರ ಸಂಖ್ಯೆ ಇಳಿಯುವುದಿಲ್ಲ.

ಕಣದ ಆ ಡ್ರೈವರ್‌ನ ಟ್ರ್ಯಾಕ್ಟರ್ ಹಳೆಯದು, ಯಾವ ಹೊಸ ನಿಯಮವೂ ಅದಕ್ಕಿಲ್ಲ. ಆದರೂ ಅದರ ಏರ್ ಕ್ಲೀನರ್ ಬಿಚ್ಚಿಸಿದಾಗ ಬಟ್ಟಲಿನ ಆಯಿಲ್ ಕಡಲೆ ಧೂಳು ಕುಡಿದು ಕೆಸರಾಗಿತ್ತು. ಅದನ್ನು ಚೆಲ್ಲಿ, ತೊಳೆದು, ಹೊಸ ಆಯಿಲ್ ಹಾಕಿದ ಮೇಲೆ ಹೊಗೆ ಕಣ್ಣಿಗೆ ಕಾಣುವಷ್ಟು ತಗ್ಗಿತು, ಮೆಷಿನ್ ಮಾತ್ರ ಮೊದಲಿನಂತೆಯೇ ತಿರುಗಿತು. ಈ ಸಲ ಒಕ್ಕಣೆಗೆ ಗಾಡಿ ಕಟ್ಟುವ ಮುಂಚೆ ನಿಮ್ಮದನ್ನೂ ಒಮ್ಮೆ ಬಿಚ್ಚಿ ನೋಡಿ. ಹೊಗೆ ಮೊರ ಹಿಡಿದವರ ಕಡೆ ತಿರುಗದಂತೆ, ಗಾಳಿ ಬೀಸುವ ದಿಕ್ಕು ನೋಡಿ ಗಾಡಿ ನಿಲ್ಲಿಸಿ.