ಉತ್ತರ ಕನ್ನಡದ ಇತಿಹಾಸ ಆಕರಗಳ ಮುಕ್ತ ಅಂತರ್ಜಾಲ ಆವೃತ್ತಿಗಳು

ಕಾರವಾರ, ಅಂಕೋಲಾ ಪ್ರದೇಶದ ಇತಿಹಾಸವನ್ನು ಅಭ್ಯಸಿಸುವವರಿಗೆ ಅನಿವಾರ್ಯವಾದ ಎರಡು ಹಳೆಯ ಇಂಗ್ಲಿಷ್ ಗ್ರಂಥಗಳು ಇಂಟರ್ನೆಟ್ ಆರ್ಕೈವ್ ಎಂಬ ಅಂತರ್ಜಾಲ ಗ್ರಂಥಾಲಯದಲ್ಲಿ ಉಚಿತವಾಗಿ ಲಭ್ಯವಿವೆ. ಒಂದು ಫ್ರಾನ್ಸಿಸ್ ಬುಕಾನನ್ನನ ಪ್ರವಾಸ ಕಥನ (1807). ಇನ್ನೊಂದು ಬಾಂಬೆ ಪ್ರೆಸಿಡೆನ್ಸಿಯ ಗ್ಯಾಸೆಟಿಯರಿನ 15ನೆಯ ಸಂಪುಟ (1883). ಬುಕಾನನ್ ಮತ್ತು ಗ್ಯಾಸೆಟಿಯರಿನ ಸಂಪಾದಕ ಜೇಮ್ಸ್ ಕ್ಯಾಂಪ್‌ಬೆಲ್ ಇಬ್ಬರೂ ಸ್ಕಾಟ್ಲೆಂಡಿನವರು. ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಇವುಗಳನ್ನು ಯಾರಾದರೂ ಓದಬಹುದು, ಇಳಿಸಿಕೊಳ್ಳಬಹುದು.

ಬುಕಾನನ್ನನ ಪ್ರವಾಸ ಕಥನ

ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಕಲಿತ ಬುಕಾನನ್ (1762–1829) ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದನು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಬಳಿಕ, ಹೊಸದಾಗಿ ವಶವಾದ ಸೀಮೆಗಳ ಕೃಷಿ, ಕೈಗಾರಿಕೆ, ವ್ಯಾಪಾರಗಳ ವರದಿ ಒಪ್ಪಿಸುವಂತೆ ಗವರ್ನರ್ ಜನರಲ್ ವೆಲ್ಲೆಸ್ಲಿ ಆತನನ್ನು ನಿಯೋಜಿಸಿದನು. 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟ ಆತ ಮೈಸೂರು, ಮಲಬಾರ್ ಸೀಮೆಗಳನ್ನು ದಾಟಿ 1801ರಲ್ಲಿ ಕೆನರಾ ಕರಾವಳಿಗೆ ಬಂದನು. ಅಂಕೋಲೆಯ ಹಾಳು ಕೋಟೆ, ಕಾರವಾರದ ಹಳೆಯ ವ್ಯಾಪಾರಸ್ಥಳದ ದುಃಸ್ಥಿತಿ ಮುಂತಾದ ವಿವರಗಳು ಮೂರು ಸಂಪುಟಗಳ ಈ ಗ್ರಂಥದ ಕೊನೆಯ ಸಂಪುಟದಲ್ಲಿವೆ.

ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. ಬುಕಾನನ್ ಹೇಳುವ ಕಾರವಾರ ಇಂದಿನ ನಗರವಲ್ಲ. ಅದು ಕಾಳಿ ನದಿಯ ದಡದ ಕಡವಾಡ. 17ನೆಯ ಶತಮಾನದಲ್ಲಿ ಇಂಗ್ಲಿಷರ ಕೋಠಿಯಿದ್ದುದು ಆ ಕಾರವಾರದಲ್ಲಿ. ಉತ್ತರ ಕನ್ನಡವು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆಯೇ ಈಗಿನ ಪಟ್ಟಣ ಜಿಲ್ಲಾ ಕೇಂದ್ರವಾಗಿ ಬೆಳೆಯಿತು. ಇದನ್ನರಿಯದೆ ಉದ್ಧರಿಸಿದರೆ ಒಂದು ಊರಿನ ಇತಿಹಾಸ ಇನ್ನೊಂದರ ತಲೆಗೆ ಬೀಳುತ್ತದೆ.

ಆತನ ತೀರ್ಮಾನಗಳನ್ನೂ ವಿವೇಚಿಸಿಯೇ ಸ್ವೀಕರಿಸಬೇಕು. ಸ್ಥಳೀಯ ಸಮುದಾಯವೊಂದನ್ನು ಆತ ದರೋಡೆಯ ಒಲವುಳ್ಳದ್ದೆಂದು ಸಾರಾಸಗಟಾಗಿ ಬಣ್ಣಿಸುತ್ತಾನೆ. ಕಾರವಾರದ ಅವನತಿಗೆ ಸುಲ್ತಾನನ ಆಳ್ವಿಕೆಯನ್ನು ಹೊಣೆಯಾಗಿಸುತ್ತಾನೆ; ಅದೇ ಸುಲ್ತಾನನನ್ನು ಗೆದ್ದ ಕಂಪನಿಯ ನೌಕರ ಆತನೆಂಬುದನ್ನು ಮರೆಯಲಾಗದು. ಬೆಳೆ, ತೋಟ, ಗೇಣಿ, ಕಂದಾಯಗಳನ್ನು ಕುರಿತ ಬರೆಹ ಮಾತ್ರ ಇಂದಿಗೂ ಅಮೂಲ್ಯ.

ಗ್ಯಾಸೆಟಿಯರ್

ಇದು ಎರಡು ಭಾಗಗಳಲ್ಲಿದೆ. ಎರಡನೆಯ ಭಾಗದಲ್ಲಿ ಜಿಲ್ಲೆಯ ಇತಿಹಾಸವೂ ಅಕಾರಾದಿಯಾಗಿ ಊರುಗಳ ವಿವರಗಳೂ ಇವೆ. ಬುಕಾನನ್ನನ ಮಾತುಗಳನ್ನು ಅಲ್ಲಲ್ಲಿ ಆಧಾರವಾಗಿ ಬಳಸಿಕೊಂಡಿರುವುದರಿಂದ ಎರಡನ್ನೂ ಸ್ವತಂತ್ರ ಸಾಕ್ಷ್ಯಗಳೆಂದು ಎಣಿಸಬಾರದು.

ಹುಡುಕುವ ಕ್ರಮ

ಇಂದಿನ ಇಂಗ್ಲಿಷ್ ಕಾಗುಣಿತದಲ್ಲಿ ಅಂಕೋಲಾ ಎಂದು ಹುಡುಕಿದರೆ ಬುಕಾನನ್ನನ ಗ್ರಂಥದಲ್ಲಿ ಏನೂ ಸಿಗದಿರಬಹುದು. 'ಕ'ಕಾರಕ್ಕೆ ಆತ ಬಹುತೇಕ 'ಕೆ' ಬದಲು 'ಸಿ' ಅಕ್ಷರ ಬಳಸುತ್ತಾನೆ. ಕಾರವಾರ, ಅಂಕೋಲಾ ಎರಡಕ್ಕೂ ಇದು ಅನ್ವಯ. ಪುಟಗಳ ಚಿತ್ರದಿಂದ ಯಂತ್ರವೇ ಅಕ್ಷರ ಗುರುತಿಸಿ ಸಿದ್ಧಪಡಿಸಿದ ಪಠ್ಯದಲ್ಲಿ ತಪ್ಪುಗಳೂ ಉಂಟು. ಆದುದರಿಂದ ಹೆಸರು, ಅಂಕಿಗಳನ್ನು ಮೂಲ ಪುಟದ ಚಿತ್ರದೊಡನೆ ಹೋಲಿಸಿ ನೋಡಿ, ಸಂಪುಟ ಮತ್ತು ಪುಟಸಂಖ್ಯೆಯೊಡನೆ ಉಲ್ಲೇಖಿಸುವುದು ವಾಡಿಕೆ. ಚಿತ್ರದ ಕ್ರಮಸಂಖ್ಯೆಯೂ ಗ್ರಂಥದಲ್ಲಿ ಮುದ್ರಿತವಾದ ಪುಟಸಂಖ್ಯೆಯೂ ಬೇರೆ ಬೇರೆಯಾಗಿರಬಹುದು. ಉಲ್ಲೇಖಕ್ಕೆ ಮುದ್ರಿತ ಸಂಖ್ಯೆಯನ್ನೇ ಕೊಡಬೇಕು.