ಫೋಟೊದಲ್ಲಿ ಒಂದು ಬಣ್ಣ, ಕೈಯಲ್ಲಿ ಇನ್ನೊಂದು!

ಮಗಳ ಧಾರೆಗೆಂದು ಮರೂನ್ ರೇಷ್ಮೆ ಸೀರೆ ತಂದಿದ್ದೀರಿ. ರಾತ್ರಿಯೇ ಫೋಟೊ ತೆಗೆದು ಪುಣೆಯಲ್ಲಿರುವ ತಂಗಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, 'ಇದೇ ಬಣ್ಣದ ಬಟ್ಟೆಗೆ ವರ್ಕ್ ಮಾಡಿಸಿ ತಗೊಂಡ್ಬಾ' ಅಂದದ್ದೂ ಆಯ್ತು. ಮದುವೆಗೆ ನಾಲ್ಕು ದಿನ ಇರುವಾಗ ಆಕೆ ತಂದದ್ದು ಇಟ್ಟಿಗೆ ಕೆಂಪು! 'ನೀನು ಕಳಿಸಿದ ಫೋಟೊದಲ್ಲಿ ಹೀಗೇ ಇತ್ತಲ್ಲಾ ಅಕ್ಕಾ...' ಮುನಿಸು ಬೇಡ. ತಪ್ಪು ಅವಳದಲ್ಲ, ನಿಮ್ಮದೂ ಅಲ್ಲ. ಫೋಟೊ ತೆಗೆಯುವಾಗ, ತಿದ್ದುವಾಗ, ಕಳಿಸುವಾಗ, ನೋಡುವಾಗ ಹೀಗೆ ನಾಲ್ಕು ಕಡೆ ಬಣ್ಣ ಜಾರುತ್ತೆ. ಸ್ವಲ್ಪ ಎಚ್ಚರ ವಹಿಸಿದರೆ ಸಾಕು.

ತೆಗೆಯುವಾಗ

* ಹಳದಿ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್, ಮಧ್ಯಾಹ್ನದ ಬಿಸಿಲು ಸುಮಾರು 5500. ಅಂಕಿ ಇಳಿದಷ್ಟೂ ಬೆಳಕು ಹಳದಿ. ಹಾಗಾಗಿ ಹಗಲು ಹೊತ್ತು ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ ಸೀರೆ ಹರಡಿ. ಮನೆಯ ಲೈಟು, ಫ್ಲಾಶ್ ಆರಿಸಿ.

* ಫೋಟೊ ತುಂಬಾ ಕೆಂಪೇ ಇದ್ದರೆ ಫೋನು ಗಲಿಬಿಲಿಗೊಳ್ಳುತ್ತೆ. ಸೀರೆ ಪಕ್ಕ ಒಂದು ಬಿಳಿ ಹಾಳೆ ಇಡಿ.

ತಿದ್ದುವಾಗ

* ಮೊದಲು ಫೋನಿನ 'ನೈಟ್ ಲೈಟ್' ಆಫ್ ಮಾಡಿ. 'ವಿವಿಡ್' ಬದಲು 'ನ್ಯಾಚುರಲ್' ಪರದೆ ಇರಲಿ.

* ಬಿಳಿ ಹಾಳೆ ಬಿಳಿಯಾಗಿಯೇ ಕಾಣುವವರೆಗೆ 'ವೈಟ್ ಬ್ಯಾಲೆನ್ಸ್' ಸರಿಮಾಡಿ. ಅಷ್ಟೇ ಸಾಕು. ಫಿಲ್ಟರ್ ಹಾಕಿದಿರೋ, ಬಣ್ಣ ಕೆಟ್ಟಿತು!

* ಕಂಪ್ಯೂಟರಿನಲ್ಲಿ ತಿದ್ದಿದರೆ 'ಎಸ್‌ಆರ್‌ಜಿಬಿ' ಆರಿಸಿ, ಕಲರ್ ಪ್ರೊಫೈಲ್ ಸಮೇತ ಸೇವ್ ಮಾಡಿ. ಎಚ್‌ಪಿ ಮತ್ತು ಮೈಕ್ರೊಸಾಫ್ಟ್ 1996ರಲ್ಲಿ ರೂಪಿಸಿದ ಬಣ್ಣದ ಈ ಅಳತೆ 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾಯ್ತು. ಹೆಚ್ಚಿನ ಫೋನು, ಕಂಪ್ಯೂಟರುಗಳಿಗೆ ಇದು ಅರ್ಥವಾಗುತ್ತೆ. ದೊಡ್ಡ ಕ್ಯಾಮೆರಾದ ಮೆನುವಿನಲ್ಲಿ 'ಅಡೋಬ್ ಆರ್‌ಜಿಬಿ' ಇದ್ದರೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಅದೇ ಫೋಟೊ ಬೇರೆ ಕಡೆ ತೆರೆದಾಗ ಕಳೆಗುಂದಿ ಕಾಣಬಹುದು.

ಕಳಿಸುವಾಗ, ನೋಡುವಾಗ

* ವಾಟ್ಸ್‌ಆ್ಯಪ್ ಸಾಮಾನ್ಯವಾಗಿ ಫೋಟೊವನ್ನು ಕುಗ್ಗಿಸಿ ಕಳಿಸುತ್ತೆ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಇದ್ದ ಹಾಗೇ ತಲುಪುತ್ತೆ.

* ನೋಡುವವರಿಗೂ ನೈಟ್ ಲೈಟ್ ಆರಿಸಲು ಹೇಳಿ. 'ಹಾಳೆ ಬಿಳಿಯಾಗಿ ಕಾಣ್ತಿದೆಯಾ?' ಅಂತ ಕೇಳಿ. ಹೌದಂದರೆ ಸೀರೆ ಬಣ್ಣವೂ ಹತ್ತಿರ ಹತ್ತಿರ ಸರಿ.

* ಮದುವೆ ಆಲ್ಬಂ ಪ್ರಿಂಟ್ ಹಾಕಿಸುವ ಮುಂಚೆ ಒಂದೆರಡು ಚಿಕ್ಕ ಪ್ರಿಂಟ್ ತೆಗೆಸಿ, ಹಗಲು ಬೆಳಕಿನಲ್ಲಿ ನೋಡಿ. ನೀವೇ ತಿದ್ದಿದ ಫೋಟೊ ಆದರೆ 'ಮತ್ತೆ ಕಲರ್ ಕರೆಕ್ಷನ್ ಬೇಡ' ಅಂತ ಸ್ಟುಡಿಯೊದವರಿಗೆ ಹೇಳಿ.

ಇಷ್ಟೆಲ್ಲ ಮಾಡಿದರೂ ಎರಡು ಫೋನುಗಳ ಬಣ್ಣ ತದ್ರೂಪಾಗಿ ಇರೋದಿಲ್ಲ ಅನ್ನೋದು ನೆನಪಿರಲಿ. ಸೀರೆ ಆರಿಸಲು, ಅಭಿಪ್ರಾಯ ಕೇಳಲು ಫೋಟೊ ಸಾಕು. ಮ್ಯಾಚಿಂಗ್‌ಗೆ ಮಾತ್ರ ಸೆರಗಿನ ತುದಿಯ ನಾಲ್ಕು ಬಿಡಿ ಎಳೆಗಳನ್ನು ಲಕೋಟೆಯಲ್ಲಿಟ್ಟು ಕೊರಿಯರ್ ಮಾಡಿಬಿಡಿ. ಸಾವಿರಾರು ರೂಪಾಯಿಯ ಸೀರೆ ಮುಂದೆ ಆ ಖರ್ಚು ಯಾವ ಲೆಕ್ಕ?